ಲ್ಯಾಮಿನೇಷನ್ ಬೇಡ, ಕಟ್ಟು ಒಡೆಯುವುದೂ ಬೇಡ

"ನಮ್ಮ ಅಜ್ಜ ಗಂಗಾವತಿಯಲ್ಲಿ ವಕೀಲರಾಗಿದ್ದರು. ಅವರ ಟ್ರಂಕಿನಲ್ಲಿ ಜಾಗೀರು ಜಮೀನಿನ ಹದಿನಾಲ್ಕು ನಕಾಶೆ, ಉರ್ದು ಮತ್ತು ಕನ್ನಡದ ಕೋರ್ಟು ಕಾಗದದ ಕಟ್ಟುಗಳು ಸಿಕ್ಕಿವೆ. ನಕಾಶೆಗಳನ್ನು ಆರಿಸಿ ಲ್ಯಾಮಿನೇಷನ್ ಮಾಡಿಸಿ, ಉಳಿದದ್ದನ್ನು ಇಸವಿವಾರು ಜೋಡಿಸಿ ಗ್ರಂಥಾಲಯಕ್ಕೆ ಕೊಡಬಹುದೇ?"
– ಓದುಗರು, ಗಂಗಾವತಿ

ಉತ್ತರ: ಕೊಡಿ. ಆದರೆ ಆರಿಸಬೇಡಿ.

ಮೊದಲು ನಕಾಶೆಯ ಬೆನ್ನು ನೋಡಿ. ಮೂಲೆಯಲ್ಲಿ ಕೋರ್ಟಿನ ಮೊಹರು, ದಾವೆ ನಂಬರು, ನಿಶಾನೆ ಗುರುತು (ಸಾಕ್ಷ್ಯಕ್ಕೆ ಕೋರ್ಟು ಕೊಟ್ಟ ಸಂಖ್ಯೆ) ಇದ್ದರೆ ಅದು ಬರೀ ಹೊಲದ ಚಿತ್ರವಲ್ಲ, ದಾವೆಯಲ್ಲಿ ಹಾಜರುಪಡಿಸಿದ ಸಾಕ್ಷ್ಯ. ನಕಾಶೆಯಲ್ಲಿ ಎಳೆದ ಕೆಂಪು ಗೆರೆ ವಾದಿ ಹೇಳಿದ ಬಾಂದೋ (ಗಡಿಯೋ), ಕೋರ್ಟು ನೇಮಿಸಿದ ಕಮಿಷನರು ಅಳೆದದ್ದೋ ಎಂಬುದು ಕಟ್ಟಿನೊಳಗಿನ ಕಾಗದದಲ್ಲಿ ಮಾತ್ರ ಇರುತ್ತದೆ. ಬೇರ್ಪಡಿಸಿದಿರೋ, ನಕಾಶೆ ಮೂಕವಾಯಿತು. ಅವಧಿ ಮುಗಿದ ಕಡತಗಳನ್ನು ಕೋರ್ಟುಗಳು ನಾಶ ಮಾಡುವುದುಂಟು. ನಿಮ್ಮ ಟ್ರಂಕಿನದೇ ಉಳಿದ ಪ್ರತಿ ಇರಬಹುದು. ಹಾಗಾಗಿ ಅಜ್ಜ ಕಟ್ಟಿಟ್ಟ ಕ್ರಮವೇ ಇರಲಿ. ದೊಡ್ಡ ನಕಾಶೆಯನ್ನು ಹೊರಗಿಡಲೇಬೇಕಾದರೆ, ಅದಿದ್ದ ಜಾಗದಲ್ಲಿ "ನಕಾಶೆ 6, ಕೊಳವೆ 2" ಎಂದು ಚೀಟಿ ಇಡಿ.

ಲ್ಯಾಮಿನೇಷನ್ನಿನಲ್ಲಿ ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಕಂದು ತಿರುಗಿದ ಹಳೇ ಮಸಿಯಲ್ಲಿ ಸಾಮಾನ್ಯವಾಗಿ ಅನ್ನಭೇದಿ (ಕಬ್ಬಿಣದ ಲವಣ) ಇರುತ್ತದೆ. ಅದರ ಹುಳಿ ಪ್ಲಾಸ್ಟಿಕ್ಕಿನೊಳಗೂ ಅಕ್ಷರದ ಜಾಗವನ್ನೇ ತಿನ್ನುತ್ತಿರುತ್ತದೆ. ಸೆಲ್ಲೋಟೇಪಂತೂ ಮುಟ್ಟಲೇಬೇಡಿ.

ಸುರುಳಿಯನ್ನು ಎಳೆದು ಬಿಚ್ಚಬೇಡಿ. ನಮ್ಮ ಬೇಸಿಗೆ ಕಂಡ ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ಒದ್ದೆ ಮಾಡಿ ಹಿಂಡಿದ ಟವೆಲ್, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಸುರುಳಿ. ನೀರು ತಾಗಕೂಡದು. ಗಂಟೆಗೊಮ್ಮೆ ನೋಡಿ, ನಾಲ್ಕಾರು ಗಂಟೆಯಲ್ಲಿ ಅಂಚು ತಾನಾಗಿ ಸಡಿಲವಾಗುತ್ತದೆ. ರಾತ್ರಿಯಿಡೀ ಬಿಟ್ಟರೆ ಬೂಷ್ಟು ಹಿಡಿಯಬಹುದು. ಬಿಡಿಸಿ ಎರಡು ಬ್ಲಾಟಿಂಗ್ ಹಾಳೆಗಳ ನಡುವೆ, ಮೇಲೆ ಗಾಜು ಹೇರಿ ಒಣಗಿಸಿ. ಹಾಳೆ ಮರುದಿನ ಬದಲಿಸಿ. ಮೇಣದಂತೆ ಮಿರುಗುವ ಟ್ರೇಸಿಂಗ್ ಬಟ್ಟೆಯ ನಕಾಶೆಗೆ ಈ ಉಪಾಯ ಬೇಡ, ಅದರ ಗಂಜಿ ತೇವಕ್ಕೆ ಕರಗುತ್ತದೆ. ಬಣ್ಣ ತುಂಬಿದ್ದಕ್ಕೂ ಬೂಷ್ಟು ಹಿಡಿದದ್ದಕ್ಕೂ ಬೇಡ.

ಧೂಳಿಗೆ ಮೆತ್ತನೆ ಬ್ರಷ್, ನಡುವಿನಿಂದ ಅಂಚಿನ ಕಡೆಗೆ. ಕಟ್ಟಿಗೆ ಬಿಗಿದ ಕೆಂಪು ಲಾಡಿ ಒದ್ದೆಯಾದರೆ ಬಣ್ಣ ಬಿಡುತ್ತದೆ, ಬಿಳಿ ಹತ್ತಿ ಲಾಡಿ ಕಟ್ಟಿ. ಮಡಚುವುದಕ್ಕಿಂತ 4 ಇಂಚು ದಪ್ಪದ ಕೊಳವೆಯ *ಹೊರಗೆ* ಸುತ್ತುವುದು ಮೇಲು. ರ‍್ಯಾಕು ಗೋಡೆಯಿಂದ, ನೆಲದಿಂದ ಅರ್ಧ ಅಡಿ ದೂರವಿರಲಿ. ಗೆದ್ದಲು ಬರುವುದು ನೆಲ, ಗೋಡೆ ಹಿಡಿದೇ. ನುಸಿಗುಳಿಗೆ ಅದನ್ನು ತಡೆಯುವುದಿಲ್ಲ.

ಪಟ್ಟಿಯಲ್ಲಿ ದಾವೆ ನಂಬರು, ಕೋರ್ಟು, ಪಕ್ಷಗಾರರು, ಊರು, ಸರ್ವೆ ನಂಬರು, ಅಳತೆ, ಭಾಷೆ, ಸ್ಥಿತಿ ಬರೆಯಿರಿ. ಜಿಲ್ಲೆಯ ಕಾಲಂನಲ್ಲಿ ಎರಡೂ ಇರಲಿ: ಗಂಗಾವತಿ 1997ರ ತನಕ ರಾಯಚೂರು ಜಿಲ್ಲೆಯಲ್ಲಿತ್ತು, ಈಗ ಕೊಪ್ಪಳ. ಫಸಲಿ (ಕಂದಾಯ ಲೆಕ್ಕದ ಹಳೇ ವರ್ಷ) ಇಸವಿಗೆ 590 ಕೂಡಿಸಿ. 1350 ಫಸಲಿ ಎಂದರೆ 1940-41. ನಿಜಾಮ ಸೀಮೆಯಲ್ಲಿ ವರ್ಷ ಅಕ್ಟೋಬರಿಗೆ ಶುರು, ಮದರಾಸಿಗೆ ಸೇರಿದ್ದ ಬಳ್ಳಾರಿ ಕಡೆ ಜುಲೈಗೆ. ಒಂದೇ ಇಸವಿ ಬರೆದರೆ ತಪ್ಪಾಗುತ್ತದೆ, ಎರಡೂ ಬರೆಯಿರಿ, ಮೂಲದ ಫಸಲಿಯನ್ನೂ ಉಳಿಸಿ. ಗುರುತಿಗೆ ಪೆನ್ಸಿಲ್ ಮಾತ್ರ, ಬೆನ್ನ ಮೇಲೆ.

ಕೊಡುವ ಮುಂಚೆ ಎರಡೂ ಬದಿಯ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಪಟ್ಟಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಗ್ರಂಥಾಲಯದ ರುಜು, ಮೊಹರು ಹಾಕಿಸಿಕೊಳ್ಳಿ. "ಕಟ್ಟು ಒಡೆಯಬಾರದು" ಎಂಬ ಷರತ್ತು ಅದರಲ್ಲೇ ಇರಲಿ.