ಮಡಿಕೇರಿಯ ತೋಟದ ಮನೆಗೆ ಲಿಥಿಯಂ ಬದಲು ಸೋಡಿಯಂ-ಅಯಾನ್ ಬ್ಯಾಟರಿ ಹಾಕಿಸಬಹುದೇ?

ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಕೊಡಗಿನಲ್ಲಿ ಈ ಪ್ರಶ್ನೆ ಸಹಜವೇ. ಇನ್ವರ್ಟರಿಗೆ ಸದ್ಯಕ್ಕೆ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ ಸೂಕ್ತವೆಂದು ನನ್ನ ಅಭಿಪ್ರಾಯ.

ಎರಡರಲ್ಲೂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು, ವಿದ್ಯುದ್ವಾರಗಳ ನಡುವೆ ಓಡಾಡುತ್ತವೆ. ಆದರೆ ಸೋಡಿಯಂ ಅಯಾನು ಗಾತ್ರದಲ್ಲಿಯೂ ತೂಕದಲ್ಲಿಯೂ ದೊಡ್ಡದು. ಲಿಥಿಯಂ ಬ್ಯಾಟರಿಯ ಋಣ ವಿದ್ಯುದ್ವಾರದಲ್ಲಿರುವ ಗ್ರ್ಯಾಫೈಟ್ ಪದರಗಳ ನಡುವೆ ಅದು ಸರಿಯಾಗಿ ನೆಲೆಸದ ಕಾರಣ, ಪದರಗಳು ಅಸ್ತವ್ಯಸ್ತವಾಗಿರುವ ಹಾರ್ಡ್ ಕಾರ್ಬನ್ ಎಂಬ ಇಂಗಾಲವನ್ನು ಬಳಸುತ್ತಾರೆ. ಒಂದು ಕಿಲೋ ಸೋಡಿಯಂ ಕೋಶದಲ್ಲಿ ಸಾಮಾನ್ಯವಾಗಿ 100ರಿಂದ 160 ವ್ಯಾಟ್-ಅವರ್ ಶಕ್ತಿ ಹಿಡಿಯುತ್ತದೆ. ಎಲ್‌ಎಫ್‌ಪಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಗೋಡೆಯ ಪಕ್ಕದಲ್ಲಿ ಕೂರುವ ಬ್ಯಾಟರಿಗೆ ಈ ತೂಕ ದೊಡ್ಡ ಸಂಗತಿಯಲ್ಲ.

ನಿಜವಾಗಿ ಗಮನಿಸಬೇಕಾದದ್ದು ವೋಲ್ಟೇಜ್. ಎಲ್‌ಎಫ್‌ಪಿ ಕೋಶ ಬಹುತೇಕ ಖಾಲಿಯಾಗುವವರೆಗೂ 3.2 ವೋಲ್ಟ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಸೋಡಿಯಂ ಕೋಶವಾದರೋ ಸುಮಾರು 4ರಿಂದ 1.5 ವೋಲ್ಟ್‌ವರೆಗೆ ಇಳಿಯುತ್ತಾ ಹೋಗುವುದರಿಂದ, ಅದಕ್ಕೆಂದು ರೂಪಿಸದ ಇನ್ವರ್ಟರ್ ಅರ್ಧದಲ್ಲೇ ಸಂಪರ್ಕ ಕಡಿದು, ಉಳಿದ ಶಕ್ತಿ ಬಳಕೆಗೆ ಸಿಗದೆ ಹೋಗುತ್ತದೆ.

ಮೈನಸ್ 20 ಡಿಗ್ರಿಯಲ್ಲೂ ಚೆನ್ನಾಗಿ ಕೆಲಸ ಮಾಡುವುದು ಸೋಡಿಯಂನ ಹೆಗ್ಗಳಿಕೆ. ಎಲ್‌ಎಫ್‌ಪಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ನಿಜ. ಆದರೆ ಮಡಿಕೇರಿಯ ಜನವರಿಯ ಚಳಿಯೂ ಅಷ್ಟು ಕೆಳಗಿಳಿಯುವುದಿಲ್ಲವಾದ್ದರಿಂದ ಆ ಗುಣಕ್ಕೆ ನೀವು ಹಣ ತೆರಬೇಕಿಲ್ಲ. ಕಚ್ಚಾವಸ್ತು ಹೇರಳವಾಗಿದ್ದು, ವಿದ್ಯುದ್ವಾರಗಳಿಂದ ಕರೆಂಟ್ ಒಯ್ಯಲು ತಾಮ್ರದ ಹಾಳೆಯ ಬದಲು ಎರಡೂ ಕಡೆ ಅಲ್ಯೂಮಿನಿಯಂ ಹಾಳೆಯೇ ಸಾಕಾಗುವುದರಿಂದ ಮುಂದೆ ಸೋಡಿಯಂ ಅಗ್ಗವಾಗಬಹುದು. ಈಗಲೇ ಕೊಳ್ಳುವುದಾದರೆ ಇನ್ವರ್ಟರ್ ಒಪ್ಪುವ ವೋಲ್ಟೇಜ್ ಮಿತಿಯನ್ನು ಮಾರಾಟಗಾರರಿಂದ ಬರಹದಲ್ಲೇ ಪಡೆಯಿರಿ.