ಮಗಳಿಗೆ ಅರ್ಧ ಗುಳಿಗೆ ಸಾಕೇ?

ಪ್ರಶ್ನೆ: ನನ್ನ ಮಗನಿಗೆ ಹನ್ನೊಂದು ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಅಂತ ಎರಡು ವರ್ಷದಿಂದ ಮೀಥೈಲ್‌ಫೆನಿಡೇಟ್ ಗುಳಿಗೆ ತಗೊಳ್ತಾನೆ, ಸಾಲ್ಯಾಗ ಈಗ ಪರವಾಗಿಲ್ಲ. ಕಳೆದ ತಿಂಗಳು ಒಂಬತ್ತು ವರ್ಷದ ಮಗಳಿಗೂ ಅದನ್ನೇ ಬರೆದುಕೊಟ್ಟಾರ. ಇಂಥ ಔಷಧ ಬಹಳ ದಿನ ಕೊಟ್ಟರೆ ಅದರ ಪರಿಣಾಮ ಗಂಡಿಲಿಗಿಂತ ಹೆಣ್ಣಿಲಿಗೆ ಹೆಚ್ಚು ಏರುತ್ತದೆ ಅಂತ ನನ್ನ ಮೈದುನ ಎಲ್ಲೋ ಓದಿದ. ಅತ್ತೆಯವರು ಹುಡುಗಿಗೆ ಬ್ಯಾಡೇ ಬ್ಯಾಡ ಅಂತಾರ. ಅರ್ಧ ಮುರಿದು ಕೊಡಲೇನ್ರಿ?
– ಒಬ್ಬ ತಾಯಿ, ಕಲಬುರಗಿ

ಉತ್ತರ: ಮುರಿಯಬೇಡ ತಂಗಿ. ಅದು ನಿಧಾನಕ್ಕೆ ಕರಗುವ ಗುಳಿಗೆಯಾಗಿದ್ದರೆ, ಮುರಿದಾಗ ಇಡೀ ದಿನಕ್ಕೆ ಇಳಿಯಬೇಕಾದ ಔಷಧ ಒಮ್ಮೆಲೇ ಇಳಿದುಬಿಡಬಹುದು. ಕಡಿಮೆ ಮಾಡಲು ಹೋಗಿ ಹೆಚ್ಚು ಮಾಡಿದಂತೆ. ನಿನ್ನ ಮೈದುನ ಓದಿದ್ದೇನೂ ಸುಳ್ಳಲ್ಲ, ಆದರೆ ಅರ್ಧಕ್ಕೇ ಓದು ನಿಲ್ಲಿಸಿದ್ದಾನೆ.

ನಾನು ಔಷಧಶಾಸ್ತ್ರ ಕಲಿಸುತ್ತಿದ್ದ ಕಾಲಕ್ಕೆ ಇದೇ ವಿಷಯದಲ್ಲಿ ಒಂದು ತಪ್ಪು ಮಾಡಿದ್ದೇನೆ. ನಮ್ಮಲ್ಲೊಂದು ಪ್ರಾಣಿಮನೆ ಇತ್ತು. ಮೇ ತಿಂಗಳಲ್ಲಿ ಕೂಲರ್ ಕೈಕೊಟ್ಟರೆ ಇಲಿಗಳು ಪಂಜರದ ತಳಕ್ಕೆ ಹೊಟ್ಟೆ ಹಚ್ಚಿ ಬಿದ್ದಿರುತ್ತಿದ್ದವು. ಆಕ್ಟೋಫೋಟೋಮೀಟರ್ ಅಂತ ಒಂದು ಪೆಟ್ಟಿಗೆ. ಒಳಗೆ ಬೆಳಕಿನ ಕಿರಣಗಳು, ಇಲಿ ಓಡಾಡಿ ಕಿರಣಕ್ಕೆ ಅಡ್ಡ ಬಂದಷ್ಟು ಸಲ ಮೇಲಿನ ಅಂಕಿ ಏರುತ್ತದೆ. ಕೆಫೀನ್ ಕೊಟ್ಟು ಹತ್ತು ನಿಮಿಷದ ಎಣಿಕೆ ಬರೆದುಕೊಳ್ಳುವುದು. ಒಮ್ಮೆ ತಂದ ಇಲಿಗಳಲ್ಲಿ ಎರಡು ಹೆಣ್ಣು ಸೇರಿಕೊಂಡಿದ್ದವು. ಅವುಗಳ ಅಂಕಿ ಉಳಿದವುಗಳ ಜೊತೆ ಕೂಡಲೇ ಇಲ್ಲ. "ತೆಗೆದುಹಾಕು" ಅಂದೆ. ಪಿಜಿ ಹುಡುಗ ಕೇಳಿದ: "ಯಾಕ್ರೀ ಸರ್, ಅವೂ ಇಲಿನೇ ಅಲ್ಲೇನ್ರಿ?" "ಅವಕ್ಕ ಹಾರ್ಮೋನಿನ ಚಕ್ರ ಇರ್ತದ, ರೀಡಿಂಗ್ ಕೆಡ್ತದ" ಅಂದು ಬಾಯಿ ಮುಚ್ಚಿಸಿದೆ.

ಈ ಚಾಳಿ ನನ್ನೊಬ್ಬನದಲ್ಲ. 2009ರಲ್ಲಿ ಅಚ್ಚಾದ ಸಂಶೋಧನೆಗಳನ್ನು ಎಣಿಸಿದವರಿದ್ದಾರೆ. ನರವಿಜ್ಞಾನದಲ್ಲಿ ಬರೀ ಹೆಣ್ಣು ಪ್ರಾಣಿಯ ಒಂದು ಅಧ್ಯಯನಕ್ಕೆ ಬರೀ ಗಂಡಿನವು ಐದೂವರೆ! 2014ರಲ್ಲಿ 293 ಪ್ರಬಂಧಗಳನ್ನು ತಾಳೆ ನೋಡಿದಾಗ ಹೆಣ್ಣು ಸುಂಡಿಲಿಗಳ ಅಂಕಿಗಳು ಗಂಡಿಗಿಂತ ಹೆಚ್ಚೇನೂ ಹೊಯ್ದಾಡುವುದಿಲ್ಲ ಅಂತ ಗೊತ್ತಾಯಿತು. ಗುಂಪಿನಲ್ಲಿಟ್ಟರೆ ಗಂಡು ಹೆಣ್ಣು ಎರಡರ ಅಂಕಿಯೂ ಹೆಚ್ಚು ಹೊಯ್ದಾಡುತ್ತದೆ. ಹುಡುಗ ಕೇಳಿದ್ದು ಸರಿಯಿತ್ತು.

ಇನ್ನು ನಿನ್ನ ಮೈದುನನ ಮಾತು. ದಿನಾ ಕುಡಿಯುವವನಿಗೆ ಹಳೆಯ ಅಳತೆ ಸಾಲದಾಗುತ್ತದೆ, ಅದು ಎಲ್ಲರೂ ಬಲ್ಲ ಲೆಕ್ಕ. ಇಲಿಗೆ ಮೀಥೈಲ್‌ಫೆನಿಡೇಟ್‌ನಂಥ ಉತ್ತೇಜಕ ಔಷಧ ಬಿಟ್ಟುಬಿಟ್ಟು ಚುಚ್ಚುತ್ತ ಹೋದರೆ ಲೆಕ್ಕ ತಿರುಗುಮುರುಗಾಗುತ್ತದೆ: ಅದೇ ಅಳತೆಗೆ ಓಟ ಇನ್ನಷ್ಟು ಜೋರಾಗುತ್ತದೆ. ಈ ಏರಿಕೆ ಹೆಣ್ಣಿಲಿಯಲ್ಲಿ ಹೆಚ್ಚಾಗಿ ಕಾಣುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಇದ್ದಾಗ ಮಿದುಳಿನ ಸ್ಟ್ರಯೇಟಮ್ ಎಂಬಲ್ಲಿ ನರಗಳ ಸಂದೇಶ ಒಯ್ಯುವ ಡೋಪಮೀನ್ ಹೆಚ್ಚು ಸುರಿಯುತ್ತದೆ. ಅಂಡಾಶಯ ತೆಗೆದರೆ ಏರಿಕೆ ತಗ್ಗುತ್ತದೆ, ಈಸ್ಟ್ರೋಜನ್ ಕೊಟ್ಟರೆ ಮರಳುತ್ತದೆ. ಹೆಣ್ಣಿಲಿಯ ಹಾರ್ಮೋನಿನ ಚಕ್ರ ನಾಲ್ಕೈದು ದಿನದ್ದು, ಹಾಗಾಗಿ ಸೋಮವಾರದ ಇಲಿಯೇ ಬುಧವಾರಕ್ಕೆ ಬೇರೆ.

ಆದರೆ ನಿನ್ನ ಮಗಳು ಇಲಿಯಲ್ಲ. ಆ ಪ್ರಯೋಗಗಳಲ್ಲಿ ಬಹಳಷ್ಟು ಚುಚ್ಚುಮದ್ದಿನವು, ಔಷಧ ರಕ್ತಕ್ಕೆ ಭರ್ರನೆ ನುಗ್ಗುತ್ತದೆ. ಮಗು ನುಂಗುವ ಗುಳಿಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಗಂಡಿಲಿಯ ಯಕೃತ್ತು ಎಷ್ಟೋ ಔಷಧಗಳನ್ನು ಹೆಣ್ಣಿಲಿಗಿಂತ ಬೇಗ ಒಡೆಯುತ್ತದೆ. ಮನುಷ್ಯರಲ್ಲಿ ಗಂಡು ಹೆಣ್ಣಿನ ನಡುವೆ ಅಷ್ಟು ಅಂತರ ಇಲ್ಲ. ಗಂಡಿಗೆ ಏನೂ ಆಗುವುದಿಲ್ಲ ಅಂತಲೂ ತಿಳಿಯಬೇಡ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದೇ ಮೀಥೈಲ್‌ಫೆನಿಡೇಟ್ ಬಹಳ ಕಾಲ ಪಡೆದ ಗಂಡು ರೀಸಸ್ ಮಂಗಗಳು ಪ್ರಾಯಕ್ಕೆ ಬರುವುದು ತಡವಾಯಿತು. ಆ ಮೇಲೆ ಸರಿಹೋದವು, ಅದು ಬೇರೆ ಮಾತು.

ಇಲ್ಲೊಂದು ತಮಾಷೆ. ಈ ಔಷಧವನ್ನು 1944ರಲ್ಲಿ ತಯಾರಿಸಿದವರು ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪ್ಯಾನಿಝೋನ್. ತಾವೇ ನುಂಗಿ ನೋಡಿದರಂತೆ, ವಿಶೇಷ ಏನೂ ಅನಿಸಲಿಲ್ಲವಂತೆ. ಹೆಂಡತಿ ರೀಟಾ ನುಂಗಿ ಟೆನಿಸ್ ಆಡಿದಳು, ಆಟ ಚುರುಕಾಯಿತಂತೆ. ಈ ಔಷಧ ಮಾರಾಟವಾಗುವ ರಿಟಾಲಿನ್ ಎಂಬ ಹೆಸರು ಆಕೆಯದೇ. ಗುಣ ಕಂಡದ್ದು ಹೆಣ್ಣಿನಲ್ಲಿ, ನಾವು ಪಂಜರಕ್ಕೆ ತುಂಬಿದ್ದು ಗಂಡಿಲಿ.

ಈ ಗುಳಿಗೆಯ ಅಳತೆಯನ್ನು ಗಂಡೋ ಹೆಣ್ಣೋ ಅಂತ ನೋಡಿ ಇಡುವುದಿಲ್ಲ. ಸಣ್ಣದರಿಂದ ಸುರುಮಾಡಿ, ಮಗುವನ್ನು ನೋಡುತ್ತ ವಾರವಾರ ಏರಿಸುತ್ತಾರೆ. ಆದ್ದರಿಂದ ಅಣ್ಣನ ಅಳತೆ ತಂಗಿಗೆ ಲೆಕ್ಕಕ್ಕಿಲ್ಲ. ಅವನಿಗೆ ಹೊಂದಿದ್ದು ಇವಳಿಗೆ ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು. ಹಸಿವು ಕಟ್ಟುತ್ತದೆ, ಅದಕ್ಕೇ ಮೊದಲು ಸುಸಲಾನೋ ರೊಟ್ಟಿನೋ ಹೊಟ್ಟೆಗೆ ಬೀಳಲಿ, ಆಮೇಲೆ ಗುಳಿಗೆ. ಆರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರಕ್ಕೆ ಗೀಟು ಹಾಕು, ತೂಕ ಮೂರು ತಿಂಗಳಿಗೊಮ್ಮೆ ನೋಡಿಸು. ನಾಡಿ, ಬಿಪಿ ಡಾಕ್ಟರರು ನೋಡುತ್ತಾರೆ. ಎದೆ ಡವಡವ ಅಂದರೆ, ಮಂಕಾಗಿ ಮೂಲೆ ಹಿಡಿದರೆ ಕಾಯದೆ ಅವರಿಗೆ ತಿಳಿಸು.

ಅತ್ತೆಯವರ ಜೊತೆ ವಾದ ಬೇಡ, ಅವರಿಗೇ ಒಂದು ಕೆಲಸ ಒಪ್ಪಿಸು. ಹುಡುಗಿ ಎಷ್ಟು ಉಂಡಳು, ಎಷ್ಟೊತ್ತಿಗೆ ಮಲಗಿದಳು ಅಂತ ಅವರಷ್ಟು ಸರಿಯಾಗಿ ಹೇಳುವವರು ಮನೆಯಲ್ಲಿ ಮತ್ತ್ಯಾರೂ ಇರಲಿಕ್ಕಿಲ್ಲ. ಅವರು ಹೇಳಲಿ, ನೀನು ಗೋಡೆಯ ಕ್ಯಾಲೆಂಡರಿನ ಆಯಾ ತಾರೀಖಿನ ಚೌಕದಲ್ಲಿ ಬರೆ. ಮುಂದೆ ಮುಟ್ಟು ಸುರುವಾದಾಗ ಆ ದಿನಗಳನ್ನೂ ಗುರುತು ಮಾಡು, ಆ ಆಸುಪಾಸಿನಲ್ಲಿ ಔಷಧ ಏರುಪೇರಾಗುತ್ತದೋ ನೋಡಲಿಕ್ಕೆ. ತಿಂಗಳು ಮುಗಿದ ಮೇಲೆ ಆ ಹಾಳೆ ಹರಿದು ಡಾಕ್ಟರ ಕೈಗೆ ಕೊಡು.