ಹಳೇ ಬಾಕಿ ಬರಲಿ ಅಂತ ಹೊಸ ಮಾಲು ಕಳಿಸಬೇಡಿ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಸಣ್ಣ ಮಷಿನ್ ಶಾಪ್. ಒಂದು ಪಂಪ್ ಕಂಪನಿಗೆ ಶಾಫ್ಟ್, ಬುಷ್ ಮಾಡಿಕೊಡುತ್ತೇವೆ. ನಮ್ಮ ವ್ಯಾಪಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಅವರದೇ. ಮಾರ್ಕೆಟ್ ಬಿದ್ದ ಮೇಲೆ 60 ದಿನದ ಉದ್ರಿ 120 ದಿನಕ್ಕೆ ಹೋಗಿದೆ. ಬಾಕಿ 18 ಲಕ್ಷ ಆಗಿದೆ. 'ಈ ಲಾಟ್ ಕಳಿಸಿ, ಹಳೇದನ್ನು ಕ್ಲಿಯರ್ ಮಾಡ್ತೀವಿ' ಅನ್ನುತ್ತಾರೆ. ಕಂಪನಿ ದಿವಾಳಿ ಆದರೆ ನಮ್ಮ ಗತಿ ಏನು ಮೇಡಂ?
(ಹೆಸರು ಬೇಡ), ಬೆಳಗಾವಿ

ಉತ್ತರ: ಮೊದಲು ಆ ಲಾಟ್ ನಿಲ್ಲಿಸಿ. ಸಣ್ಣ ಕಾರ್ಖಾನೆಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಇದೇ ಮಾತು ನಂಬಿ ಮಾಲು ಕಳಿಸಿ, ಕೊನೆಗೆ ಕೆಲಸಗಾರರ ಸಂಬಳಕ್ಕೆ ಮನೆಯ ಚಿನ್ನ ಅಡವಿಟ್ಟವರನ್ನು ನೋಡಿದ್ದೇನೆ. ಹೊಸ ಮಾಲಿಗೆ ಮುಂಗಡ ಕೊಡಲಿ, ಜೊತೆಗೆ ಹಳೇ ಬಾಕಿಯಲ್ಲಿ ಒಂದು ಪಾಲು ಬರಲಿ. ನಿಮ್ಮ ಶಾಫ್ಟ್ ಇಲ್ಲದೆ ಅವರ ಪಂಪ್ ಹೊರಗೆ ಹೋಗುವುದಿಲ್ಲ ಅಲ್ವಾ? ಮುಲಾಜಿಗೆ ಬೀಳಬೇಡಿ.

ಆ 18 ಲಕ್ಷದಲ್ಲಿ ಶೇ. 18ರ ಜಿಎಸ್‌ಟಿಯೇ ಸುಮಾರು 2.75 ಲಕ್ಷ. ಅದನ್ನು ನೀವು ಆಗಲೇ ಕೈಯಿಂದ ಕಟ್ಟಿದ್ದೀರಿ. ಪಾರ್ಟಿ ಕೈ ಎತ್ತಿದರೂ ಸರ್ಕಾರ ಅದನ್ನು ವಾಪಸ್ ಕೊಡುವುದಿಲ್ಲ.

ಅವಸರ ಯಾಕೆ ಅಂದರೆ, ಬ್ಯಾಂಕ್ ಎನ್‌ಸಿಎಲ್‌ಟಿಗೆ (ಕಂಪನಿ ದಿವಾಳಿ ಕೇಸು ನೋಡುವ ನ್ಯಾಯಮಂಡಳಿ) ಹೋಗಿ, ಅದು ದಿವಾಳಿ ಅರ್ಜಿಯನ್ನು ಅಂಗೀಕರಿಸಿದ ದಿನದಿಂದ ಕಂಪನಿಯ ಮೇಲಿನ ವಸೂಲಿ ಕೇಸುಗಳೆಲ್ಲ ನಿಂತುಹೋಗುತ್ತವೆ. ಸಾಲ ಕೊಟ್ಟವರ ಸಮಿತಿಯಲ್ಲಿ ಬ್ಯಾಂಕಿಗೆ ಓಟಿದೆ, ಮಾಲು ಕೊಟ್ಟ ನಿಮಗಿಲ್ಲ. ಆಸ್ತಿ ಮಾರಿದರೂ ಅಡಮಾನ ಇಟ್ಟುಕೊಂಡವರು, ಕಾರ್ಮಿಕರು ನಿಮಗಿಂತ ಮುಂದೆ. ನೀವಾಗಿಯೇ ದಿವಾಳಿ ಅರ್ಜಿ ಹಾಕೋಣ ಅಂದರೆ 2020ರ ಮಾರ್ಚ್‌ನಿಂದ ಕನಿಷ್ಠ ಬಾಕಿ 1 ಕೋಟಿ ಇರಬೇಕು. ಹಾಗಾಗಿ ನಿಮ್ಮ ದಾರಿ ಬೇರೆ.

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದೆಯಾ? ಇಲ್ಲದಿದ್ದರೆ ಇವತ್ತೇ ಮಾಡಿಸಿ. 2006ರ ಎಂಎಸ್‌ಎಂಇ ಕಾನೂನಿನ ಪ್ರಕಾರ ಪರ್ಚೇಸ್ ಆರ್ಡರ್‌ನಲ್ಲಿ 60 ದಿನ ಅಂತ ಬರೆದಿದ್ದರೂ 45 ದಿನದೊಳಗೆ ದುಡ್ಡು ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ಅದು ಇಂಥ ಬಾಕಿ ತಕರಾರು ಬಗೆಹರಿಸುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗುತ್ತದೆ. ಇನ್ನೊಂದು ಹಿಡಿತವೂ ಇದೆ. ಗಡುವಿನೊಳಗೆ ನಿಮಗೆ ಕೊಡದ ದುಡ್ಡನ್ನು, ಕೊಡುವ ತನಕ ಅವರು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಅವರ ಅಕೌಂಟ್ಸ್ ವಿಭಾಗಕ್ಕೆ ಒಂದು ಪತ್ರ ಬರೆದು ಇದನ್ನು ನೆನಪಿಸಿ. ಮಾಲಿಕರಿಗೆ ಹತ್ತು ಸಲ ಫೋನ್ ಮಾಡುವುದಕ್ಕಿಂತ ಇದು ಬೇಗ ಮುಟ್ಟುತ್ತದೆ.

ಈ ವಾರವೇ ಬಾಕಿ ದೃಢೀಕರಣ ಪತ್ರಕ್ಕೆ ಅವರ ಸಹಿ, ಸೀಲು ಹಾಕಿಸಿಕೊಳ್ಳಿ. ಮುಂದೆ 'ಮಾಲು ಸರಿ ಇರಲಿಲ್ಲ' ಅನ್ನಲು ಬಾಯಿ ಇರುವುದಿಲ್ಲ. ಕೇಸಿಗಿರುವ ಮೂರು ವರ್ಷದ ಮಿತಿಯೂ ಆ ಸಹಿಯ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಚೆಕ್ ಕೊಟ್ಟರೆ ತೆಗೆದುಕೊಳ್ಳಿ. ಬೌನ್ಸ್ ಆದರೆ 30 ದಿನದೊಳಗೆ ನೋಟಿಸ್ ಹೋಗಬೇಕು, ಮರೆಯಬೇಡಿ. ಕಂಪನಿ ದಿವಾಳಿಗೆ ಹೋದರೂ ಚೆಕ್‌ಗೆ ಸಹಿ ಹಾಕಿದ ಡೈರೆಕ್ಟರ್ ಮೇಲಿನ ಕೇಸು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಗಾಳಿಮಾತು ಕೇಳಿ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ಜಿಎಸ್‌ಟಿ ನಂಬರ್ ಹಾಕಿ. ಯಾವ ತಿಂಗಳ 3ಬಿ ರಿಟರ್ನ್ ಯಾವ ತಾರೀಕಿಗೆ ಹಾಕಿದ್ದಾರೆ ಅನ್ನುವುದು ಕಾಣುತ್ತದೆ. ಮೊದಲು 20ರೊಳಗೆ ಹಾಕುತ್ತಿದ್ದವರು ಈಗ ತಿಂಗಳುಗಟ್ಟಲೆ ತಡಮಾಡುತ್ತಿದ್ದರೆ ಅಲ್ಲಿ ತೆರಿಗೆ ಕಟ್ಟಲೂ ದುಡ್ಡಿಲ್ಲ ಅಂತಲೇ ನನ್ನ ಅನುಮಾನ.

ವಿಮೆ ಬಗ್ಗೆಯೂ ಯೋಚಿಸಿ. ಉದ್ರಿ ವ್ಯಾಪಾರಕ್ಕೆ ಟ್ರೇಡ್ ಕ್ರೆಡಿಟ್ ವಿಮೆ ಸಿಗುತ್ತದೆ. ಆದರೆ ಈಗಾಗಲೇ ಕೈಕೊಟ್ಟ ಪಾರ್ಟಿಗೆ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ, ಅದು ಮುಂದಿನ ಪಾರ್ಟಿಗಳಿಗೆ. ಹೊಸ ಗಿರಾಕಿ ದೊಡ್ಡ ಕಂಪನಿಯಾದರೆ ಬಿಲ್ಲನ್ನು ಟ್ರೆಡ್ಸ್‌ನಲ್ಲಿ (ಬಿಲ್ ಮೇಲೆ ಬ್ಯಾಂಕಿನಿಂದ ದುಡ್ಡು ಕೊಡಿಸುವ ಆನ್‌ಲೈನ್ ವೇದಿಕೆ) ಹಾಕಿಸಿ. ಕಂಪನಿ ಬಿಲ್ ಒಪ್ಪಿದ ಮೇಲೆ ಬ್ಯಾಂಕ್ ನಿಮಗೆ ದುಡ್ಡು ಕೊಡುತ್ತದೆ. ಆಮೇಲೆ ಕಂಪನಿ ಮುಳುಗಿದರೂ ಬ್ಯಾಂಕ್ ನಿಮ್ಮ ಹತ್ತಿರ ವಾಪಸ್ ಕೇಳುವಂತಿಲ್ಲ. ಇನ್ನು ಮೇಲೆ ಯಾವ ಪಾರ್ಟಿಗೂ ವ್ಯಾಪಾರದ ಕಾಲುಭಾಗಕ್ಕಿಂತ ಜಾಸ್ತಿ ಉದ್ರಿ ಬಿಡಬೇಡಿ. ಇದು ಕಾನೂನಲ್ಲ, ನಾನು ಹಾಕಿಕೊಂಡ ಲೆಕ್ಕ.

ಇಷ್ಟೆಲ್ಲ ಮಾಡಿಯೂ ಕಂಪನಿ ದಿವಾಳಿಗೆ ಹೋದರೆ ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಕೊಟ್ಟ ಕಡೇ ದಿನದೊಳಗೆ ಫಾರ್ಮ್ ಬಿ ತುಂಬಿ, ಬಿಲ್, ಚಲನ್, ದೃಢೀಕರಣ ಪತ್ರ ಸೇರಿಸಿ ಕ್ಲೇಮ್ ಕಳಿಸಿ. ಆಮೇಲೆ ಕಂಪನಿ ನಡೆಸಲು ಬಂದ ರೆಸಲ್ಯೂಷನ್ ಪ್ರೊಫೆಷನಲ್ ಮಾಲು ಕೇಳಿದರೆ ಹೆದರಬೇಡಿ, ಆದರೆ ಆರ್ಡರ್ ಬರವಣಿಗೆಯಲ್ಲೇ ಇರಲಿ. ಆ ಮಾಲಿನ ದುಡ್ಡು ದಿವಾಳಿ ಪ್ರಕ್ರಿಯೆಯ ಖರ್ಚಿಗೆ ಸೇರುತ್ತದೆ, ಬ್ಯಾಂಕಿಗಿಂತ ಮೊದಲು ನಿಮಗೆ ಬರಬೇಕು.